ನೀಲವ್ವತ್ತೆಯ ಕೇಳುವ ಕೆಲಸ

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಏನಾದರೂ ಹೇಳಿ ಮುಗಿಸಿದರೆ ಅದನ್ನು ನನ್ನ ಮಾತಿನಲ್ಲಿ ಅವರಿಗೇ ತಿರುಗಿ ಹೇಳುತ್ತೇನೆ. ಔಷಧಿ ಅಂಗಡಿಯ ಹುಡುಗ ‘ಊಟದ ಮೊದಲು ಇದು, ಊಟ ಆದ ಮೇಲೆ ಅದು’ ಎಂದು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗುವುದರೊಳಗೆ ನಾನು ಅವನನ್ನು ಹಿಡಿದು ನಿಲ್ಲಿಸಿ ಅದನ್ನೇ ಒಪ್ಪಿಸುತ್ತೇನೆ. ಅವನು ಈಗೀಗ ನನ್ನನ್ನು ಕಂಡರೆ ಒಳಗಿನ ಕಪಾಟಿನಲ್ಲಿ ಏನೋ ಹುಡುಕಲು ಹೋಗುತ್ತಾನೆ. ಇದಕ್ಕಿಂತ ಕೆಟ್ಟದ್ದೆಂದರೆ, ನಾನು ಹೇಳಿದ್ದನ್ನು ಬೇರೆಯವರು ನನಗೆ ತಿರುಗಿ ಹೇಳುವವರೆಗೆ ನನಗೆ ಸಮಾಧಾನವಿಲ್ಲ. ‘ತಿಳೀತೇನು? ಹಾಗಾದರೆ ಹೇಳು ನೋಡೋಣ’ ಎನ್ನುತ್ತೇನೆ. ಸೊಸೆ ನನ್ನಿಂದ ಶೇಂಗಾ ಹೋಳಿಗೆ ಕಲಿಯುವ ಆಸೆಯನ್ನು ಇದೇ ಕಾರಣಕ್ಕೆ ಬಿಟ್ಟಳು. ನನ್ನವರಂತೂ ಜಗಳದಲ್ಲಿ ಎಷ್ಟೋ ಸಲ ಸೋತದ್ದು ನಾನು ಸರಿ ಎಂದಲ್ಲ, ನಾನು ಹೇಳಿದ್ದನ್ನು ತಿರುಗಿ ಹೇಳಬೇಕಾಗುತ್ತದೆಂಬ ಬೇಸರಕ್ಕೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಎಪ್ಪತ್ತರ ದಶಕದಲ್ಲಿ, ಮದುವೆಗೆ ಮೊದಲು, ಸೋಲಾಪುರದಲ್ಲಿ ನಾನು ಮಾಡಿದ ಒಂದು ವಿಚಿತ್ರ ನೌಕರಿಯಿಂದ ಅಂಟಿಕೊಂಡದ್ದು. ನಾನು ಬೈಬಲ್ ಓದಿ ಹೇಳುವ ಕೆಲಸದಲ್ಲಿದ್ದೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಯೇಸುವಿನ ಕಥೆ. ಹಾದಿಯಲ್ಲಿ ಕಂಡವರು ನಮ್ಮ ಅಪ್ಪನ ಎಣ್ಣೆ ಅಂಗಡಿಗೆ ಬಂದು, ಎಣ್ಣೆ ಕೊಳ್ಳುವ ನೆಪದಲ್ಲಿ ನನ್ನ ಮತಾಂತರ ಯಾವಾಗ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ನೌಕರಿ ಕೊಟ್ಟವರು ಸತ್ಯಪ್ಪ ಮಾಸ್ತರರು. ಕಂದಲಗಾಂವ ಕಡೆಯವರು, ಕ್ರಿಶ್ಚಿಯನ್ನರು. ಸಾಲೆಯ ಮಾಸ್ತರಿಕೆ ಬಿಟ್ಟು ಮಿಶನ್ ಬಂಗಲೆಯಲ್ಲಿ ಬೈಬಲ್ ಅನುವಾದಕ್ಕೆ ಕೂತಿದ್ದರು. ಅವರ ಜೊತೆ ಪರದೇಶದ ಹೆಂಗಸೊಬ್ಬರಿದ್ದರು. ಊರೆಲ್ಲ ಅವರನ್ನು ಮಡಮ್‌ಬಾಯಿ ಎನ್ನುತ್ತಿತ್ತು. ಕನ್ನಡದಲ್ಲಿ ಬೈಬಲ್ ಆಗಲೇ ಇತ್ತು, ನಿಜ. ಆದರೆ ಅದು ಮೈಸೂರು ಸೀಮೆಯ ದೊಡ್ಡ ಕನ್ನಡ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಕಲಸಿ ಆಡುವ ನಮ್ಮ ಅಕ್ಕಲಕೋಟೆ-ಸೋಲಾಪುರದ ಮಂದಿಗೆ ಅದನ್ನು ಓದಿ ಹೇಳಿದರೆ ಕೋರ್ಟಿನಿಂದ ಸಮನ್ಸ್ ಬಂದಂತೆ ಮುಖ ಮಾಡುತ್ತಿದ್ದರು. ಆದ್ದರಿಂದ ಈ ಕಡೆಯ ಮಾತಿನಲ್ಲೇ ಹೊಸದಾಗಿ ಮಾಡಬೇಕೆಂದು ಅವರ ಹಟ.

ಮಾಡುವ ರೀತಿ ಹೀಗಿತ್ತು. ಬರೆದ ಭಾಗವನ್ನು ಬೈಬಲ್ ಗೊತ್ತೇ ಇಲ್ಲದ, ಓದುಬರಹ ಬಾರದ ಒಬ್ಬರಿಗೆ ಓದಿ ಹೇಳಬೇಕು. ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಬರೋಬರ್ ಹೇಳಿದರೆ ಮಾಸ್ತರರು ಹಾಳೆಯ ಅಂಚಿಗೆ ಕೆಂಪು ಪೆನ್ಸಿಲ್ಲಿನಿಂದ ಸರಿ ಎಂಬ ಗುರುತು ಹಾಕುತ್ತಿದ್ದರು. ತಪ್ಪಿದರೆ, ತಪ್ಪು ಕೇಳಿದವರದಲ್ಲ, ಬರೆದವರದು. ತಿದ್ದಿ ಮತ್ತೆ ಓದಬೇಕು. ಮೊದಮೊದಲು ಮಾಸ್ತರರೇ ಓದುತ್ತಿದ್ದರಂತೆ. ಆದರೆ ಅವರು ಬಾಯಿ ತೆರೆದರೆ ಪ್ರಾರ್ಥನೆಯ ರಾಗ ಬಂದುಬಿಡುತ್ತಿತ್ತು. ಕೇಳುವ ಹೆಂಗಸರು ಕಥೆ ಬಿಟ್ಟು ಕೈಮುಗಿದು ಕೂಡುತ್ತಿದ್ದರು. ಮರಾಠಿ ಸಾಲೆಯಲ್ಲಿ ಓದಿ, ಕನ್ನಡ ಅಕ್ಷರವನ್ನು ಅಪ್ಪನಿಂದ ಅಂಗಡಿಯಲ್ಲಿ ಕಲಿತ ನನ್ನ ಓದಿನಲ್ಲಿ ಯಾವ ರಾಗವೂ ಇರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದುವ ನನ್ನ ಅರೆಬರೆ ಕನ್ನಡವೇ ಅವರಿಗೆ ದೊಡ್ಡ ಯೋಗ್ಯತೆಯಾಗಿ ಕಂಡಿತು. ಜೀವನದಲ್ಲಿ ದಡ್ಡತನಕ್ಕೆ ಸಿಕ್ಕ ನೌಕರಿ ಅದೊಂದೇ.

ಕೇಳುವವರು ಬೇಕು ಎಂದಾಗ ನಾನು ನೀಲವ್ವತ್ತೆಯ ಹೆಸರು ಹೇಳಿದೆ. ಅಪ್ಪನ ತಂಗಿ. ಅಕ್ಕಲಕೋಟೆ ತಾಲೂಕಿನ ತಡವಳಕ್ಕೆ ಕೊಟ್ಟಿದ್ದರು. ಗಂಡ ಬೇಗ ಹೋದ. ಇದ್ದ ಒಬ್ಬ ಮಗ ಬಸುವೂ ಹೋದ ಮೇಲೆ ತವರಿಗೆ ಬಂದು ನಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತವಳು ಏಳಲೇ ಇಲ್ಲ. ಕರೆದರೆ ಉಣ್ಣುತ್ತಿದ್ದಳು, ಕರೆಯದಿದ್ದರೆ ಇಲ್ಲ. ಮಧ್ಯಾಹ್ನ ಮಿಲ್ಲಿನ ಭೋಂಗಾ, ಊಟದ ಸೈರನ್ನು, ಕೂಗಿದರೆ ಬಾಗಿಲ ಕಡೆ ನೋಡುತ್ತಿದ್ದಳು, ಏಕೆಂದರೆ ಬಸು ಆ ಹೊತ್ತಿಗೆ ಊಟಕ್ಕೆ ಬರುತ್ತಿದ್ದ. ಅವನು ನಮ್ಮ ಮನೆಯಲ್ಲೇ ಇದ್ದು ಅಪ್ಪನ ಅಂಗಡಿಯಲ್ಲಿ ವ್ಯಾಪಾರ ಕಲಿಯುತ್ತಿದ್ದವನು.

ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಅಡ್ಡ ನಿಂತಳು. ‘ಪಾದ್ರಿ ಮನಿಗಿ ಹೋದ್ರ ಜಾತಿ ಕೆಡತೈತಿ.’

ಅಪ್ಪ ಅಂಗಡಿಯ ಧಾರಣೆ ಮಾತಾಡುವ ದನಿಯಲ್ಲೇ ಹೇಳಿದರು: ‘ಜಾವೂ ದೇ ಅವ್ವಾ, ಹೋಗಲಿ ಬಿಡು. ಮನ್ಯಾಗ ಕುಂತು ಕುಂತು ಗ್ವಾಡಿ ಆಗ್ಯಾಳ. ಹೊರಗರ ಬೀಳಲಿ.’

ಹಾಗೆ ಅತ್ತೆ ಹೊರಟಳು. ತನ್ನ ತಂಬಿಗೆಯಲ್ಲಿ ತನ್ನ ನೀರು, ಕೂಡಲು ತನ್ನ ಚಾದರ. ಮಿಶನ್ ಬಂಗಲೆಯ ಕುರ್ಚಿಯನ್ನು ಒಮ್ಮೆ ನೋಡಿ, ನೆಲ ಸಾರಿಸಿದಂತೆ ಕೈಯಾಡಿಸಿ, ಚಾದರ ಹಾಸಿಕೊಂಡು ಕೂತಳು. ಮಡಮ್‌ಬಾಯಿಯೂ ಕುರ್ಚಿ ಬಿಟ್ಟು ಕೆಳಗೆ ಕೂತರು. ಆ ಉದ್ದ ಕಾಲುಗಳನ್ನು ಎಲ್ಲಿ ಮಡಚಿಡುವುದೆಂದು ತಿಳಿಯದೆ ಕೊನೆಯವರೆಗೂ ಒದ್ದಾಡಿದರು.

ಅತ್ತೆ ಚೆನ್ನಾಗಿ ಕೇಳುವವಳಾದಳು. ಬಿತ್ತುವವನ ಕಥೆ ಓದಿದಾಗ, ಬೀಜ ಸ್ವಲ್ಪ ಹಾದಿಯ ಮೇಲೆ, ಸ್ವಲ್ಪ ಕಲ್ಲಿನ ಮೇಲೆ ಬಿತ್ತು ಎಂಬಲ್ಲಿಗೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಜೋಳ ಬಿತ್ತುವುದು ಕೂರಿಗೆಯಿಂದ, ಕೈಯಿಂದ ಎರಚುವುದಿಲ್ಲ. ‘ಹಾದಿ ಮ್ಯಾಗ ಬಿತ್ತತಾನಂದ್ರ ಅವಗ ಕೂರಿಗಿ ಹಿಡಿಯಾಕ ಬರಂಗಿಲ್ರಿ. ಇಂಥವನ ಕೈಯಾಗ ಬೀಜ ಕೊಟ್ಟವರು ಯಾರ್ರಿ?’ ಎಂದು ಮಾಸ್ತರರನ್ನು ಕೇಳಿದಳು. ಮಾಸ್ತರರು ಬಿತ್ತುವವನು ದೇವರೇ ಎಂದು ಹೇಳಲು ಹೋಗಿ ಪೆನ್ಸಿಲ್ ಕೆತ್ತತೊಡಗಿದರು. ರೋಗಿಯನ್ನು ಮಾಳಿಗೆಯ ಮೇಲಿನಿಂದ ಇಳಿಸಿದ ಕಥೆಯಂತೂ ಅವಳಿಗೆ ತಡವಳದಲ್ಲೇ ನಡೆದಂತಿತ್ತು. ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಅದನ್ನೇ ಅಗಲ ಮಾಡಿ ಇಳಿಸಿರುತ್ತಾರೆ ಎಂದಳು. ಆಮೇಲೆ ಮಾಳಿಗೆ ಮುಚ್ಚಿದವರು ಯಾರು ಎಂಬುದನ್ನು ಬರೆದೇ ಇಲ್ಲವೆಂದು ಅವಳ ತಕರಾರು. ಎರಡಕ್ಕೂ ಕೆಂಪು ಗುರುತು ಬಿತ್ತು.

ಆಮೇಲೆ ಒಬ್ಬ ವಿಧವೆಯ ಮಗನ ಕಥೆ ಬಂತು. ನಾನು ಮೊದಲೇ ಓದಿ ನೋಡಿರಲಿಲ್ಲ. ನೋಡಿದ್ದರೂ ಬಿಡಿಸುವ ಅಧಿಕಾರ ನನಗಿರಲಿಲ್ಲ.

ಗುರು, ಎಂದರೆ ಯೇಸು, ಒಂದು ಊರಿನ ಅಗಸಿಬಾಗಿಲ ಹತ್ತಿರ ಬರುತ್ತಾನೆ. ಒಳಗಿನಿಂದ ಹೆಣ ಹೊತ್ತುಕೊಂಡು ಬರುತ್ತಿರುತ್ತಾರೆ. ಸತ್ತವನು ವಿಧವೆ ತಾಯಿಗೆ ಒಬ್ಬನೇ ಮಗ. ಗುರುವಿಗೆ ಅವಳನ್ನು ಕಂಡು ಕರುಳು ಚುರುಕ್ಕೆನ್ನುತ್ತದೆ. ಅಳಬೇಡ ಎನ್ನುತ್ತಾನೆ. ಹೋಗಿ ಕೈ ಹಚ್ಚುತ್ತಾನೆ, ಹೊತ್ತವರು ನಿಲ್ಲುತ್ತಾರೆ. ಏಳಪ್ಪಾ ಎನ್ನುತ್ತಾನೆ. ಸತ್ತವನು ಎದ್ದು ಕೂತು ಮಾತಾಡುತ್ತಾನೆ. ಗುರು ಅವನನ್ನು ತಾಯಿಯ ಕೈಗೆ ಕೊಡುತ್ತಾನೆ. ಇಷ್ಟೇ.

ನಾನು ಓದಿ ಮುಗಿಸಿ ತಲೆ ಎತ್ತಲಿಲ್ಲ. ಮಾಸ್ತರರಿಗೆ ಬಸುವಿನ ವಿಷಯ ಗೊತ್ತಿತ್ತು, ಅವರೂ ಎತ್ತಲಿಲ್ಲ. ಮೆಲ್ಲಗೆ, ‘ತಿಳೀತೇನ್ರಿ ಅಕ್ಕಾರ? ಆದ್ರ ಹೇಳ್ರಿ, ಇಲ್ಲಾಂದ್ರ ಬಿಡ್ರಿ’ ಎಂದರು.

ಅತ್ತೆ ಹೇಳಿದಳು. ತಡೆಯದೆ ಹೇಳಿದಳು. ‘ರಂಡಿಮುಂಡಿ ಒಬ್ಬಾಕಿ, ಆಕೀಗಿ ಒಬ್ಬನ ಮಗ. ಸತ್ತಾನ, ಒಯ್ಯಾಕತ್ತಾರ. ಒಬ್ಬ ಮಹಾತ್ಮ ಎದುರಿಗಿ ಬಂದಾನ. ನಿಲ್ಲಿಸ್ಯಾನ್ರಿ. ಅವರೂ ನಿಂತಾರ. ಆಕಿ ಜೋಡಿ ಮಾತಾಡ್ಯಾನ, ಅಳಬ್ಯಾಡ ಅಂದಾನ. ಕುಂತ ಮಗನ್ನ ಇಳಿಸಿ ಆಕಿ ತೊಡಿ ಮ್ಯಾಗ ಕೊಟ್ಟಾನ.’ ಅಷ್ಟು ಹೇಳಿ, ‘ದೊಡ್ಡವನ್ರಿ ಅಂವ’ ಎಂದಳು.

ಮಾಸ್ತರರು ಪೆನ್ಸಿಲ್ ಹಿಡಿದು ಕೂತರು. ಗುರುತು ಹಾಕಲಿಲ್ಲ. ಹುಡುಗ ಬದುಕಿದ ಮಾತೇ ಅವಳ ಬಾಯಲ್ಲಿ ಬಂದಿರಲಿಲ್ಲ.

ಮುಂದೆ ಕೆಲವು ವಾರ ಅದೇ ಕಥೆ ತಿರುತಿರುಗಿ ಬಂತು. ಬರವಣಿಗೆ ಬಿಗಿಯಾಗಿದೆ ಎಂದುಕೊಂಡು ಮಾಸ್ತರರು ವಾಕ್ಯಗಳನ್ನು ಮುರಿದು ಸಣ್ಣದು ಮಾಡಿದರು. ಬೇರೆ ಧರ್ಮದವಳಾದ್ದರಿಂದ ಪವಾಡವನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾಳೆ ಎಂದು ಮಡಮ್‌ಬಾಯಿ ತಿಳಿದರು. ಮಗ ಸತ್ತವಳ ನಾಲಿಗೆಗೆ ಇನ್ನೊಬ್ಬಳ ಮಗ ಎದ್ದ ಮಾತು ಬಾರದು, ಅದಕ್ಕೇ ನುಂಗುತ್ತಾಳೆ ಎಂದು ನಾನು ತಿಳಿದೆ. ಮೂವರೂ ಓದಿದವರು, ಮೂವರಿಗೂ ಒಂದೊಂದು ಸಿದ್ಧಾಂತ. ಪ್ರತಿ ಸಲವೂ ಅತ್ತೆ ಹೆಣ ಹೊತ್ತವರನ್ನು ನಿಲ್ಲಿಸಿ, ಮಗನನ್ನು ತಾಯಿಯ ತೊಡೆಯ ಮೇಲೆ ಕೊಡಿಸಿ ಕಥೆ ಮುಗಿಸುತ್ತಿದ್ದಳು.

ಆದರೆ ಆ ವಾರಗಳಲ್ಲಿ ಅವಳಲ್ಲಿ ಏನೋ ಆಯಿತು. ಕರೆಯುವ ಮೊದಲೇ ಊಟಕ್ಕೆ ಬಂದಳು. ರೊಟ್ಟಿ ಬಡಿದಳು. ತಡವಳದಿಂದ ಸಂತೆಗೆ ಬಂದ ಹೆಂಗಸರು ಎಣ್ಣೆ ಒಯ್ಯಲು ಬಂದರೆ ಅವರನ್ನು ಕೂಡಿಸಿಕೊಂಡು ಆ ಕಥೆ ಹೇಳುತ್ತಿದ್ದಳು. ಒಂದು ದಿನ ಆಯಿಗೆ ಹೇಳಿದಳು: ‘ಬರೂ ವಾರ ನಾ ತಡವಳಕ ಹೋಗತೀನಬೇ. ನಮ ಮೈದುನಗ ಒಂದು ಮಾತು ಕೇಳೂದೈತಿ. ಅಂಥಾ ದೊಡ್ಡವರು ನಿಲ್ಲಸ್ಯಾರ. ನೀವು ಯಾಕ ನಿಲ್ಲಿಸಲಿಲ್ಲ ಅಂತ ಕೇಳೂದೈತಿ.’ ಬಸು ಸತ್ತ ಮೇಲೆ ಆ ಊರಿನ ಹೆಸರನ್ನು ಅವಳು ತಾನಾಗಿ ಎತ್ತಿದ್ದು ಅದೇ ಮೊದಲು. ಅಪ್ಪ ಅಂಗಡಿಗೆ ಹೋಗುವವರು ಅಂಗಳದಲ್ಲೇ ನಿಂತುಬಿಟ್ಟರು.

ಏನು ನಿಲ್ಲಿಸಲಿಲ್ಲ ಎಂಬುದನ್ನು ಹೇಳಬೇಕು. ನನಗೆ ಹೇಳಲು ಇಷ್ಟವಿಲ್ಲ, ಆದರೂ ಹೇಳುತ್ತೇನೆ.

ಬಸುವಿಗೆ ಗೋದಾಮಿನಲ್ಲಿ ಮೊಳೆ ಚುಚ್ಚಿತ್ತು. ಯಾರಿಗೂ ಹೇಳಲಿಲ್ಲ. ದವಡೆ ಬಿಗಿದು ಮೈ ಬಿಲ್ಲಿನಂತೆ ಬಾಗಿದ ಮೇಲೆಯೇ ನಮಗೆ ಗೊತ್ತಾದದ್ದು. ದವಾಖಾನೆಯಲ್ಲಿ ಹೋದ. ನಾನು ಮತ್ತು ಅವ್ವ ಸುದ್ದಿ ತೆಗೆದುಕೊಂಡು ಮೊದಲ ಬಸ್ಸಿಗೆ ತಡವಳಕ್ಕೆ ಹೋದೆವು. ಹಿಂದಿನಿಂದ ಅಪ್ಪ ಟ್ರಕ್ಕಿನಲ್ಲಿ ಅವನನ್ನು ತಂದರು. ಹೊರಗೆ ಸತ್ತವರು ಅಗಸಿಯ ಒಳಗೆ ಬರುವಂತಿಲ್ಲ ಎಂದು ಹಿರಿಯರು ಟ್ರಕ್ಕನ್ನು ಬಸ್ ನಿಲ್ಲುವ ಬೇವಿನ ಮರದ ಕೆಳಗೇ ತಡೆದರು. ಹೊತ್ತು ಮುಳುಗುವ ಅವಸರ. ಅಲ್ಲೇ ಪೂಜೆ ಮಾಡಿ, ಬಿದಿರಿನಿಂದ ಕಟ್ಟಿ ಹೂ ಸುತ್ತಿದ ಕುರ್ಚಿ, ನಾವು ವಿಮಾನ ಎನ್ನುತ್ತೇವಲ್ಲ, ಅದರಲ್ಲಿ ಕೂಡಿಸಿ ನೇರ ಮಣ್ಣು ಮಾಡುವ ಹೊಲದ ಕಡೆ ಎತ್ತಿದರು. ಅತ್ತೆಯನ್ನು ಹೆಂಗಸರು ಬಾಗಿಲಲ್ಲಿ ಹಿಡಿದಿದ್ದರು. ಅವಳು ಕೊಸರಿಕೊಂಡು ಮಾಳಿಗೆ ಹತ್ತಿದಳು. ನಾನೂ ಹಿಂದೆ ಹತ್ತಿದೆ.

ಮಲಗಿಸಿ ಒಯ್ದಿದ್ದರೆ ಏನೂ ಕಾಣುತ್ತಿರಲಿಲ್ಲ. ಕೂಡಿಸಿದ್ದರಿಂದ ಮಂದಿಯ ತಲೆಗಳ ಮೇಲೆ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಹಣೆಗೆ ಪಟ್ಟಿ ಬಿಗಿದಿದ್ದರೂ ಹೊತ್ತವರ ಹೆಜ್ಜೆಗೆ ತಲೆ ಆಡುತ್ತಿತ್ತು. ಹೌದು ಹೌದು ಎಂದು ಯಾರಿಗೋ ಹೇಳುತ್ತ ಹೋಗುವವನ ಹಾಗೆ ಹೋದ. ‘ಏಳೋ ಬಸೂ’ ಎಂದು ಅತ್ತೆ ಕೂಗಿದಳು. ಆಮೇಲೆ, ‘ಒಂದೀಟು ನಿಲ್ಲಸ್ರೋ, ತೊಡಿ ಮ್ಯಾಗ ಕೊಡ್ರೋ’ ಎಂದು ಕೂಗಿದಳು. ಕೇಳಿಸಿತು. ಒಂದಿಬ್ಬರು, ಅವಳ ಮೈದುನನೂ, ತಿರುಗಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ನಿಲ್ಲಿಸಲಿಲ್ಲ.

ಈಗ ಮಿಶನ್ ಬಂಗಲೆಗೆ ಬರೋಣ. ಅತ್ತೆ ತಡವಳಕ್ಕೆ ಹೋಗಲು ಸೀರೆಯ ಗಂಟು ಕಟ್ಟಿಟ್ಟಿದ್ದ ವಾರ. ಕಥೆ ಕೇಳಿ, ಹೇಳಿ ಆಯಿತು. ಮಡಮ್‌ಬಾಯಿ ಮಾಸ್ತರರ ಮೂಲಕ ಒಂದು ಪ್ರಶ್ನೆ ಕೇಳಿಸಿದರು: ಆ ತಾಯಿಗೆ ಆಗ ಹೇಗೆ ಅನ್ನಿಸಿರಬೇಕು?

‘ಸಮಾಧಾನ ಆಗಿರತೈತ್ರಿ. ತೊಡಿ ಮ್ಯಾಗ ಇಟಗೊಂಡು ಮಾರಿ ನೋಡಿರತಾಳ. ತಲಿ ನೇವರಿಸಿರತಾಳ. ಆಮ್ಯಾಗ ಒಯ್ದು ಮಣ್ಣು ಮಾಡಿರತಾರ.’

ಮಾಸ್ತರರು ಪೆನ್ಸಿಲ್ ಕೆಳಗಿಟ್ಟರು. ‘ಮಣ್ಣು ಯಾಕ್ರಿ ಅಕ್ಕಾರ? ಹುಡುಗ ಎದ್ದು ಕುಂತನಲ್ರಿ?’

‘ಕುಂತಿರತಾನಲ್ರಿ ಮೊದಲ. ಸತ್ತವರನ್ನ ಕುಂಡ್ರಿಸೇ ಒಯ್ಯೂದು. ಮಲಗಿಸಿ ಒಯ್ಯಾಕ ಹಿಂದ ಮುಂದ ಯಾರೂ ಇಲ್ಲದವರೇನ್ರಿ ಅವರು?’

‘ಮತ್ತ ಏಳು ಅಂದನಲ್ರಿ ಗುರು?’

‘ಎಲ್ಲಾರೂ ಅಂತಾರ್ರಿ, ಏಳು ಅಂತ. ನಾನೂ ಅಂದೇನಿ.’

ನೋಡಿ, ಸತ್ಯಪ್ಪ ಮಾಸ್ತರರು ಹುಟ್ಟಿದಾಗಿನಿಂದ ತಮ್ಮ ಮನೆಯ ಮುಂದೆ ನಮ್ಮವರ ವಿಮಾನಗಳು ಹಾದುಹೋಗುವುದನ್ನು ಕಂಡವರು. ನಾನು ಅದೇ ಜಾತಿಯಲ್ಲಿ ಹುಟ್ಟಿದವಳು, ಮಾಳಿಗೆಯ ಮೇಲಿನಿಂದ ನೋಡಿದವಳು. ಆದರೂ ಕಾಗದದ ಮೇಲಿನ ಹೆಣವನ್ನು ನಾವಿಬ್ಬರೂ ಮಲಗಿಸಿಕೊಂಡೇ ಓದಿದ್ದೆವು. ಅತ್ತೆಗೆ ಮಾತ್ರ ಹೆಣ ಎಂದರೆ ಕೂತ ಹೆಣ. ಅದು ಎದ್ದು ಕೂತಿತೆಂದರೆ ಅದರಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ. ಮಾತಾಡಿದ್ದನ್ನಂತೂ ಗುರು ಮಾತಾಡಿದ್ದೆಂದೇ ಕೇಳಿಸಿಕೊಂಡಿದ್ದಳು.

ಮಾಸ್ತರರ ಮುಖದಲ್ಲಿ ಬಂದ ಬೆಳಕನ್ನು ನಾನು ತಪ್ಪೆನ್ನಲಾರೆ. ಅವರು ಮಾಡುತ್ತಿದ್ದದ್ದೇ ಆ ಕೆಲಸ. ‘ಅಕ್ಕಾರ, ನೀವು ಇರಲಿಲ್ಲಂದ್ರ ಇದು ಹಿಂಗ ಛಾಪಿ ಆಗಿಬಿಡತಿತ್ರಿ. ಊರೂರಾಗ ತಪ್ಪು ತಿಳಕೋತಿದ್ರು’ ಎಂದು ಕೈಮುಗಿದರು. ತಾನು ಮಾಡಿದ ಉಪಕಾರವೇನೆಂದು ತಿಳಿಯದೆ ಅತ್ತೆಯೂ ಕೈಮುಗಿದಳು. ‘ನಾಡಿದ್ದು ಹೊಸದು ಓದಸ್ತೀನ್ರಿ, ಅದನ್ನ ಕೇಳೇ ಊರಿಗಿ ಹೋಗ್ರಿ’ ಎಂದರು ಮಾಸ್ತರರು. ಅತ್ತೆ ಒಪ್ಪಿದಳು.

ಹೊಸದನ್ನು ಓದಿದೆ. ಈ ಸಲ ಯಾವ ಸಂಶಯಕ್ಕೂ ಜಾಗವಿರಲಿಲ್ಲ. ಸತ್ತ ಹುಡುಗನಿಗೆ ಜೀವ ತಿರುಗಿ ಬಂತು, ಕಣ್ಣು ತೆರೆದು ಅವ್ವನ ಜೊತೆ ಮಾತಾಡಿದ, ಗುರು ಅವನನ್ನು ಜೀವಂತ ತಾಯಿಗೆ ಒಪ್ಪಿಸಿದ. ನಮ್ಮ ಮಾತಿನಲ್ಲಿ ಅಷ್ಟು ಚೊಕ್ಕವಾಗಿ ಬರೆದಿದ್ದರು. ಓದುತ್ತ ನನ್ನ ದನಿ ಎಲ್ಲಿ ಇಳಿಯಿತೋ ತಿಳಿಯದು. ‘ಇನ್ನೊಮ್ಮಿ ಓದು’ ಎಂದಳು ಅತ್ತೆ. ಓದಿದೆ.

‘ಈಗ ಹೇಳ್ರಿ ಅಕ್ಕಾರ.’

ಅತ್ತೆ ಹೇಳಿದಳು. ಅಗಸಿ, ವಿಧವೆ, ಗುರು, ಕೈ ಹಚ್ಚಿದ್ದು, ನಿಂತದ್ದು. ‘ಹುಡುಗನ ಜೀವ ತಿರುಗಿ ಬಂತು. ಅವ್ವನ ಜೋಡಿ ಮಾತಾಡಿದ. ಇಳದು ಆಕಿ ಕೈ ಹಿಡಕೊಂಡು ಮನಿಗಿ ಹ್ವಾದ.’ ಒಂದು ಎಳೆಯೂ ತಪ್ಪಲಿಲ್ಲ. ಮಾಸ್ತರರು ಕೆಂಪು ಗುರುತು ಹಾಕಿದರು. ಪೆನ್ಸಿಲ್ಲಿನ ಮೊನೆ ಕಾಗದದ ಮೇಲೆ ಕರ್ರೆಂದದ್ದು ಕೇಳಿಸಿತು. ಮಡಮ್‌ಬಾಯಿ ಕಣ್ಣು ಮುಚ್ಚಿ ಏನೋ ಗುನುಗಿ, ಅತ್ತೆಯ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಸಂತೋಷದ ನೀರು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

‘ಮಾಸ್ತರ, ಬರೇ ಆಕಿ ಒಬ್ಬಾಕಿ ಮಗನ ಏನ್ರಿ ಹಂಗ ಎದ್ದಿದ್ದು?’

ಮಾಸ್ತರರು ಸುಳ್ಳು ಹೇಳುವವರಲ್ಲ. ಒಳ್ಳೆಯ ಸುದ್ದಿ ಎಂದೇ ಹೇಳಿದರು: ‘ಇಲ್ರಿ, ಇನ್ನೂ ಅದಾರ್ರಿ. ಒಂದು ಸಣ್ಣ ಹುಡುಗಿ ಎದ್ದಾಳ. ಇಬ್ಬರು ಅಕ್ಕತಂಗ್ಯಾರಿಗಿ ಅವರ ಅಣ್ಣ ತಿರುಗಿ ಬಂದಾನ. ಮುಂದ ಓದತೀವಲ್ರಿ.’

‘ಹಂಗಾದ್ರ ಭಾಳ ಮಂದೀಗಿ ಕೊಟ್ಟಾನ’ ಎಂದಳು ಅತ್ತೆ. ಎದ್ದು ಚಾದರ ಝಾಡಿಸಿ ಮಡಚಿದಳು. ತಂಬಿಗೆ ಮರೆತು ಬಂದಳು.

ಟಾಂಗಾದಲ್ಲಿ ಮನೆಗೆ ಹೊರಟೆವು. ಕೆರೆಯ ಹತ್ತಿರ ಬಂದಾಗ ಅವಳೇ ಹೇಳಿದಳು: ‘ಮೊದಲ ಓದಿದ್ದೇ ಬರೋಬರ್ ಇತ್ತು, ಶಾಂತಾ. ಅದರಾಗ ನಾನೂ ಇದ್ದೆ.’

ಮನೆಗೆ ಬಂದು ಸೀರೆಯ ಗಂಟು ಬಿಚ್ಚಿ ಒಂದೊಂದನ್ನೇ ಪೆಟ್ಟಿಗೆಗೆ ಇಟ್ಟಳು. ತಡವಳಕ್ಕೆ ಯಾಕೆ ಹೋಗಲಿಲ್ಲ ಎಂದು ಅಪ್ಪ ಕೇಳಿದರೆ, ‘ಏನಂತ ಕೇಳಲಿ? ನಿಲ್ಲಿಸಿದ್ರೂ ಏನಾಗತಿತ್ತು, ಹೆಣ ಹೆಣಾನೇ’ ಎಂದಳು. ಕಂಬಕ್ಕೆ ಒರಗಿ ಕೂತಳು. ಮಾಸ್ತರರು ತಂಬಿಗೆ ಕೊಡಲು ತಾವೇ ಬಂದರು, ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಅವಳು ಒಳಗಿನಿಂದ ಬರಲಿಲ್ಲ. ಆಯಿಗೆ ಮಾತ್ರ ಜಾತಿ ಉಳಿಯಿತೆಂಬ ಸಮಾಧಾನ.

ಕೆಲವು ವರ್ಷ ಕಳೆದವು. ನನ್ನ ಮದುವೆಯಾಯಿತು. ಅನುವಾದವೂ ಮುಗಿದು, ಆ ಭಾಗ ಸಣ್ಣ ಪುಸ್ತಕವಾಗಿ ಬಂತು. ಅತ್ತೆ ಹಾಸಿಗೆ ಹಿಡಿದಿದ್ದಾಳೆಂದು ತವರಿಗೆ ಬಂದಾಗ ಮಾಸ್ತರರು ಕೊಟ್ಟಿದ್ದ ಪ್ರತಿ ಗೂಡಿನಲ್ಲಿತ್ತು. ಮಧ್ಯಾಹ್ನ. ಭೋಂಗಾ ಕೂಗಿ ನಿಂತಿತ್ತು. ಅವಳು ಬಾಗಿಲ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿ, ‘ಅದನ್ನ ಓದು’ ಎಂದಳು.

ಪುಸ್ತಕ ತೆರೆದೆ. ಎದುರಿಗೇ ಇತ್ತು, ಅಚ್ಚಾದ ಅಕ್ಷರ. ನಾನು ಅದನ್ನು ಓದಲಿಲ್ಲ. ಕಣ್ಣು ಹಾಳೆಯ ಮೇಲಿಟ್ಟು ಅವಳ ಕಥೆಯನ್ನೇ ಹೇಳಿದೆ. ದೊಡ್ಡವನೊಬ್ಬ ಎದುರಿಗೆ ಬಂದ, ಕೈ ಹಚ್ಚಿದ, ಹೊತ್ತವರು ನಿಂತರು. ಅಳಬೇಡ ಎಂದ. ಕೂತ ಮಗನನ್ನು ಇಳಿಸಿ ತಾಯಿಯ ತೊಡೆಯ ಮೇಲೆ ಕೊಟ್ಟ. ಅವಳು ಮುಖ ನೋಡಿದಳು, ತಲೆ ನೇವರಿಸಿದಳು. ಅಕ್ಷರ ಕೂಡಿಸಿ ಓದುವವಳಂತೆ ನಡುನಡುವೆ ತಡವರಿಸಿದೆ ಕೂಡ. ಅದೊಂದು ವಿದ್ಯೆ ನನಗೆ ಚೆನ್ನಾಗಿ ಬರುತ್ತಿತ್ತು.

ಮುಗಿಸಿದ ಮೇಲೆ ಸುಮ್ಮನಿರಬೇಕಿತ್ತು. ಚಾಳಿ ಬಿಡಬೇಕಲ್ಲ. ‘ತಿಳೀತೇನತ್ತೀ?’ ಎಂದೆ.

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು, ನಿಧಾನಕ್ಕೆ, ಪಾಠ ಒಪ್ಪಿಸಿದಂತೆ: ‘ಹುಡುಗನ ಜೀವ ತಿರುಗಿ ಬಂತು. ಅವ್ವನ ಜೋಡಿ ಮಾತಾಡಿದ. ಇಳದು ಆಕಿ ಕೈ ಹಿಡಕೊಂಡು ಮನಿಗಿ ಹ್ವಾದ.’

‘ನಾ ಹಂಗ ಓದಲಿಲ್ಲಲ್ಲತ್ತೀ.’

‘ನೀ ಓದಲಿಲ್ಲ. ಅದರಾಗ ಹಂಗ ಐತಿ. ನನಗ ತಿಳದೈತಿ, ಯವ್ವಾ.’

ಮಾಸ್ತರರು ಇದ್ದಿದ್ದರೆ ಕೆಂಪು ಗುರುತು ಹಾಕುತ್ತಿದ್ದರು.